ನೀರಾಗುವ ಮೊದಲೇ ತಡೆಯುವುದು ಹೇಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಹತ್ತಿಬಟ್ಟೆಯನ್ನು ಬಿಳುಪು ಮಾಡಿ ಬಣ್ಣ ಹಾಕುವ ಸಣ್ಣ ಘಟಕ. 50% ಹೈಡ್ರೋಜನ್ ಪೆರಾಕ್ಸೈಡನ್ನು 30 ಕಿಲೋ ಕ್ಯಾನುಗಳಲ್ಲಿ ತರಿಸುತ್ತೇವೆ. ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಪಲ್ಲಾಡಿಯಂ ಲೋಹದ ಕ್ರಿಯಾವರ್ಧಕದ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಮೇಲೆ ಹಾಯಿಸಿದರೆ ನೇರವಾಗಿ ಪೆರಾಕ್ಸೈಡ್ ಸಿಗುತ್ತದೆ ಎಂದು ಓದಿದೆ. ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ, ನೀರನ್ನು ವಿದ್ಯುತ್ತಿನಿಂದ ಒಡೆಯುವ ಯಂತ್ರ ಇಟ್ಟುಕೊಂಡರೆ ನಾವೇ ತಯಾರಿಸಿಕೊಳ್ಳಬಹುದು ಎನ್ನುತ್ತಾನೆ. ಇದು ಇಷ್ಟು ಸರಳವಾಗಿದ್ದರೆ ದೊಡ್ಡ ಕಂಪನಿಗಳೇಕೆ ಹೀಗೆ ಮಾಡುತ್ತಿಲ್ಲ?

ಉತ್ತರ: ನಿಮ್ಮ ಮಗ ಹೇಳಿದ್ದು ರಸಾಯನಶಾಸ್ತ್ರದ ದೃಷ್ಟಿಯಿಂದ ಸರಿ. ಒಂದು ಹೈಡ್ರೋಜನ್ ಅಣು, ಒಂದು ಆಮ್ಲಜನಕ ಅಣು, ಸೇರಿದರೆ ಒಂದು ಪೆರಾಕ್ಸೈಡ್ ಅಣು; ಪಕ್ಕದಲ್ಲಿ ಉಳಿಯುವ ತ್ಯಾಜ್ಯವೇ ಇಲ್ಲ. ಪಲ್ಲಾಡಿಯಂ ಬಳಸಿ ಹೀಗೆ ತಯಾರಿಸುವ ವಿಧಾನಕ್ಕೆ ಹೆಂಕೆಲ್ ಮತ್ತು ವೇಬರ್ ಎಂಬವರು 1914ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದರು. ನೂರು ವರ್ಷ ದಾಟಿದ ಮೇಲೂ ಜಗತ್ತಿನ ಬಹುಪಾಲು ಪೆರಾಕ್ಸೈಡ್ ಬೇರೊಂದು ಸುತ್ತುದಾರಿಯಲ್ಲೇ ತಯಾರಾಗುತ್ತಿದೆ. ಪೆರಾಕ್ಸೈಡನ್ನು ಹುಟ್ಟಿಸುವುದು ಕಷ್ಟವೆಂದು ಹೀಗಾಗಿಲ್ಲ. ಹುಟ್ಟಿದ್ದನ್ನು ಉಳಿಸಿಕೊಳ್ಳುವುದು ಕಷ್ಟ. ಅದನ್ನು ಹುಟ್ಟಿಸಿದ ಲೋಹವೇ ಮರುಗಳಿಗೆಯಲ್ಲಿ ಅದನ್ನು ನೀರಾಗಿಸಲು ನಿಂತಿರುತ್ತದೆ.

ಶಕ್ತಿಯ ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿ ಪೆರಾಕ್ಸೈಡ್ ಆದಾಗ ಒಂದು ಮೋಲ್‌ಗೆ ಸುಮಾರು 120 ಕಿಲೋಜೌಲ್ ಮುಕ್ತಶಕ್ತಿ ಇಳಿಯುತ್ತದೆ. ಅದೇ ಪೆರಾಕ್ಸೈಡ್ ಒಡೆದು ನೀರು ಮತ್ತು ಆಮ್ಲಜನಕವಾದರೆ ಇನ್ನೂ ಸುಮಾರು 117 ಕಿಲೋಜೌಲ್ ಇಳಿಯುತ್ತದೆ. ಅಂದರೆ ಪೆರಾಕ್ಸೈಡ್ ಇರುವುದು ಇಳಿಜಾರಿನ ನಡುವಿನ ಒಂದು ಮೆಟ್ಟಿಲ ಮೇಲೆ, ಹೆಚ್ಚುಕಡಿಮೆ ಅರ್ಧದಾರಿಯಲ್ಲಿ. ಮೇಲಿನಿಂದ ಉರುಳಿಬಿಟ್ಟ ಗುಂಡು ಸರಿಯಾಗಿ ಆ ಮೆಟ್ಟಿಲಿನಲ್ಲೇ ನಿಲ್ಲಬೇಕು, ಕೆಳಗಿನ ಅಂಗಳಕ್ಕೆ ಬೀಳಬಾರದು ಎಂದು ನಾವು ಬಯಸುತ್ತಿದ್ದೇವೆ. ಅಂಗಳಕ್ಕೆ ಬೀಳಲು ದಾರಿ ಒಂದೇ ಅಲ್ಲ, ಮೂರಿವೆ: ಲೋಹದ ಮೇಲೆ ಆಮ್ಲಜನಕದ ಅಣುವೇ ಎರಡಾಗಿ ಒಡೆದು ನೇರವಾಗಿ ನೀರಾಗಬಹುದು, ಆದ ಪೆರಾಕ್ಸೈಡ್ ತಾನಾಗಿ ಒಡೆಯಬಹುದು, ಇಲ್ಲವೇ ಇನ್ನೊಂದು ಹೈಡ್ರೋಜನ್ ಅಣು ಬಂದು ಅದನ್ನು ಎರಡು ನೀರಿನ ಅಣುಗಳನ್ನಾಗಿ ಮಾಡಬಹುದು. ಪಲ್ಲಾಡಿಯಂ ಈ ಮೂರೂ ಕೆಲಸಗಳಲ್ಲಿ ನಿಸ್ಸೀಮ.

ಈ ಒಡೆಯುವಿಕೆ ನಿಮಗೆ ಹೊಸದಲ್ಲ. ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ, ಅಥವಾ ಹಳೆಯ ಪೈಪಿನಿಂದ ತುಕ್ಕಿನ ಒಂದು ಕಣ ಬಂದು ಬಟ್ಟೆಯ ಮೇಲೆ ಕೂತರೆ, ಬಿಸಿ ತೊಟ್ಟಿಯಲ್ಲಿ ಆ ಕಣದ ಸುತ್ತ ಪೆರಾಕ್ಸೈಡ್ ಭರ್ರನೆ ಒಡೆಯುತ್ತದೆ. ಬಟ್ಟೆ ತೆಗೆದು ಬೆಳಕಿಗೆ ಹಿಡಿದಾಗ ಅಲ್ಲಿ ಸೂಜಿ ಚುಚ್ಚಿದಂತಹ ತೂತು ಕಾಣುತ್ತದೆ. ಅದನ್ನು ತಡೆಯಲೆಂದೇ ನೀವು ಕಾಸ್ಟಿಕ್ ಸೋಡಾದ ಜೊತೆ ಸೋಡಿಯಂ ಸಿಲಿಕೇಟ್ ಹಾಕುತ್ತೀರಿ. ತೂತು ಮಾಡಿದ ಆ ತುಕ್ಕಿನ ಕಣವೂ ಒಂದು ಕ್ರಿಯಾವರ್ಧಕವೇ. ಕಬ್ಬಿಣದ ಕಣವೇ ಇಷ್ಟು ಮಾಡುವುದಾದರೆ ಪಲ್ಲಾಡಿಯಂ ಏನು ಮಾಡೀತು ಎಂಬುದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಔಷಧಿ ಅಂಗಡಿಯಲ್ಲಿ ಸಿಗುವ 20 ವಾಲ್ಯೂಮ್ ಪೆರಾಕ್ಸೈಡನ್ನು, ಅಂದರೆ ಒಂದು ಮಿಲಿಲೀಟರಿನಿಂದ ಸುಮಾರು 20 ಮಿಲಿಲೀಟರ್ ಆಮ್ಲಜನಕ ಹೊರಬರುವ 6% ದ್ರಾವಣವನ್ನು, ಗಾಜಿನ ಬೀಕರಿಗೆ ಸುರಿದು, ಇಂಗಾಲದ ಮೇಲೆ ಕೂರಿಸಿದ ಪಲ್ಲಾಡಿಯಂ ಪುಡಿಯನ್ನು ಚಮಚದ ತುದಿಯಲ್ಲಿ ಹಾಕಿದೆವು. ಕಪ್ಪು ನೊರೆ ಬೀಕರಿನ ಬಾಯಿಯವರೆಗೆ ಏರಿ, ಗಾಜು ಕೈಗೆ ಬಿಸಿಯಾಯಿತು. ನೊರೆ ಇಳಿದ ಮೇಲೆ ಸೋಸಿದ ನೀರಿಗೆ ಪರ್ಮಾಂಗನೇಟಿನ ಒಂದೇ ಹನಿ ಬಿಟ್ಟಾಗ ಗುಲಾಬಿ ಬಣ್ಣ ಹಾಗೆಯೇ ನಿಂತಿತು. ಪೆರಾಕ್ಸೈಡ್ ಇದ್ದಿದ್ದರೆ ಆ ಬಣ್ಣ ಮಾಯವಾಗಬೇಕಿತ್ತು; ಅದು ಉಳಿದಿರಲೇ ಇಲ್ಲ.

ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಸೀದಾ ನೀರಾಗಿಸುವ ಈ ಗುಣವನ್ನೇ ಬೇರೆಡೆ ಬೇಕೆಂದು ಬಳಸುತ್ತಾರೆ. ಕೆಲವು ದೊಡ್ಡ ಬ್ಯಾಟರಿಗಳ ಮುಚ್ಚಳದೊಳಗೆ ಇಂತಹ ಲೋಹವಿರುವ ಬಿಲ್ಲೆ ಇರುತ್ತದೆ. ಚಾರ್ಜ್ ಆಗುವಾಗ ಹೊರಡುವ ಎರಡೂ ಅನಿಲಗಳು ಅದರ ಮೇಲೆ ನೀರಾಗಿ ಮತ್ತೆ ಒಳಗೇ ತೊಟ್ಟಿಕ್ಕುತ್ತವೆ, ಹೀಗಾಗಿ ಪದೇಪದೇ ನೀರು ಹಾಕುವ ತಾಪತ್ರಯ ಇರುವುದಿಲ್ಲ. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗ್ಡೆಯವರ ತಂಡ ಬೆಲೆಬಾಳುವ ಲೋಹಗಳನ್ನು ಅಯಾನುಗಳ ರೂಪದಲ್ಲಿ ಆಕ್ಸೈಡುಗಳೊಳಗೆ ಕೂರಿಸಿ ಮಾಡಿದ ಕ್ರಿಯಾವರ್ಧಕಗಳ ಉಪಯೋಗಗಳಲ್ಲಿ ಈ ಮರುಸಂಯೋಜನೆಯೂ ಒಂದು. ಅವರಿಗೆ ಬೇಕಾದದ್ದು ನೀರು, ನಿಮಗೆ ಬೇಡವಾದದ್ದು ನೀರು. ಲೋಹದ ಸ್ವಭಾವ ಮಾತ್ರ ಒಂದೇ.

ಹಾಗಾದರೆ ಲೋಹದ ಮೇಲೆ ಪೆರಾಕ್ಸೈಡ್ ಹುಟ್ಟುವುದು ಹೇಗೆ? ಈ ಪ್ರಶ್ನೆಗೆ ಅಮೆರಿಕದ ಲನ್ಸ್‌ಫರ್ಡ್ ಅವರ ತಂಡ 2000ರ ದಶಕದ ಆರಂಭದಲ್ಲಿ ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟವಾದದ್ದು. ಸಾಮಾನ್ಯ ಆಮ್ಲಜನಕದ ಪರಮಾಣುವಿನ ತೂಕ 16. ಪ್ರಕೃತಿಯಲ್ಲಿ ಅಲ್ಪಸ್ವಲ್ಪ ಸಿಗುವ ಭಾರದ ಆಮ್ಲಜನಕದ್ದು 18. ಇವೆರಡರ ಅನಿಲಗಳನ್ನು ಬೆರೆಸಿ ಹೈಡ್ರೋಜನ್ ಜೊತೆ ಕ್ರಿಯೆಗೆ ಬಿಟ್ಟರು. ಲೋಹದ ಮೇಲೆ ಆಮ್ಲಜನಕದ ಅಣುಗಳು ಒಡೆದು ಮತ್ತೆ ಜೋಡಿಯಾಗುವುದಾಗಿದ್ದರೆ, ಒಂದು ಹಗುರ ಮತ್ತು ಒಂದು ಭಾರದ ಪರಮಾಣು ಸೇರಿದ ಮಿಶ್ರ ಪೆರಾಕ್ಸೈಡ್ ಸಿಗಬೇಕಾಗಿತ್ತು. ಸಿಕ್ಕಿದ್ದು ಹಗುರ-ಹಗುರ ಜೋಡಿ ಮತ್ತು ಭಾರ-ಭಾರ ಜೋಡಿ ಮಾತ್ರ. ಅಂದರೆ ಪೆರಾಕ್ಸೈಡಿನಲ್ಲಿರುವ ಎರಡು ಆಮ್ಲಜನಕ ಪರಮಾಣುಗಳು ಗಾಳಿಯಲ್ಲಿದ್ದಾಗಿನಿಂದಲೂ ಕೈಹಿಡಿದುಕೊಂಡೇ ಬಂದಂಥವು; ಆ ಹಿಡಿತ ಒಮ್ಮೆ ಬಿಟ್ಟಿತೆಂದರೆ ಮುಂದೆ ಆಗುವುದು ನೀರೇ. ಆದ್ದರಿಂದ ಒಳ್ಳೆಯ ಕ್ರಿಯಾವರ್ಧಕಕ್ಕೆ ಇರಬೇಕಾದ ಗುಣ ಸ್ವಲ್ಪ ವಿಚಿತ್ರವಾದದ್ದು: ಅದು ಹೈಡ್ರೋಜನ್ ಅಣುವನ್ನು ಸಲೀಸಾಗಿ ಒಡೆಯಬೇಕು, ಆದರೆ ಆಮ್ಲಜನಕದ ಅಣುವನ್ನು ಮುಟ್ಟಿಯೂ ಮುರಿಯಬಾರದು.

2016ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ವಿಲ್ಸನ್ ಮತ್ತು ಫ್ಲಾಹರ್ಟಿ ಇದಕ್ಕೆ ಇನ್ನೊಂದು ಅಂಶ ಸೇರಿಸಿದರು. ನೀರು, ಮೆಥನಾಲ್ ಮುಂತಾಗಿ ಪ್ರೋಟಾನ್ ಬಿಟ್ಟುಕೊಡಬಲ್ಲ ದ್ರಾವಕಗಳಲ್ಲಿ ಮಾತ್ರ ಪೆರಾಕ್ಸೈಡ್ ಆಗುತ್ತದೆ, ಅಂಥ ಪ್ರೋಟಾನ್ ಇಲ್ಲದ ದ್ರಾವಕಗಳಲ್ಲಿ ಆಗುವುದಿಲ್ಲ ಎಂದು ಅವರು ಕಂಡರು. ಇದರಿಂದ ಹೊಮ್ಮುವ ಚಿತ್ರ ಹೀಗೆ: ಹೈಡ್ರೋಜನ್ ಲೋಹದ ಮೇಲೆ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗಿ ಬೇರ್ಪಡುತ್ತದೆ, ಎಲೆಕ್ಟ್ರಾನ್ ಲೋಹದ ಮೂಲಕ, ಪ್ರೋಟಾನ್ ದ್ರವದ ಮೂಲಕ, ಎರಡೂ ಬೇರೆಬೇರೆ ದಾರಿಯಲ್ಲಿ ಬಂದು ಲೋಹಕ್ಕೆ ಅಂಟಿಕೊಂಡಿರುವ ಆಮ್ಲಜನಕದ ಅಣುವನ್ನು ಸೇರುತ್ತವೆ. ಅಂದರೆ ಕಾಳಿನಷ್ಟೂ ಇಲ್ಲದ ಆ ಲೋಹದ ಕಣ ತನ್ನಷ್ಟಕ್ಕೆ ಒಂದು ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ನಿಮಗೆ ಉಪಯೋಗಕ್ಕೆ ಬರುತ್ತದೆ.

ಪಲ್ಲಾಡಿಯಂನ ಈ ಅತ್ಯುತ್ಸಾಹಕ್ಕೆ ಕಡಿವಾಣ ಹಾಕಲು ಹಳಬರು ಹಿಡಿದ ಉಪಾಯ ಆಮ್ಲ ಮತ್ತು ಉಪ್ಪಿನದು. ದ್ರವಕ್ಕೆ ಸ್ವಲ್ಪ ಗಂಧಕಾಮ್ಲ, ಜೊತೆಗೆ ಅಲ್ಪ ಪ್ರಮಾಣದ ಬ್ರೋಮೈಡ್ ಅಥವಾ ಕ್ಲೋರೈಡ್ ಹಾಕಿದರೆ, ಈ ಬ್ರೋಮೈಡ್, ಕ್ಲೋರೈಡ್ ಅಯಾನುಗಳು ಆಮ್ಲಜನಕದ ಬಂಧ ಮುರಿಯುವ ಲೋಹದ ಜಾಗಗಳ ಮೇಲೆ ಕೂತುಬಿಡುತ್ತವೆ, ಆಮ್ಲವು ಪೆರಾಕ್ಸೈಡ್ ಒಡೆಯುವುದನ್ನು ನಿಧಾನಿಸುತ್ತದೆ. ಇದರಿಂದ ಪೆರಾಕ್ಸೈಡಿನ ಪಾಲು ಗಣನೀಯವಾಗಿ ಏರುತ್ತದೆ. ಆದರೆ ಆಮ್ಲ ಮತ್ತು ಕ್ಲೋರೈಡ್ ಒಟ್ಟಿಗೆ ಸೇರಿದರೆ ಪಲ್ಲಾಡಿಯಂ ತಾನೇ ಕರಗಿ ದ್ರವದೊಳಗೆ ಇಳಿಯುತ್ತದೆ. ಸ್ಟೀಲ್ ಪಾತ್ರೆಯೂ ಸವೆಯುತ್ತದೆ. ಬಂದ ಪೆರಾಕ್ಸೈಡಿನಿಂದ ಅವನ್ನೆಲ್ಲ ತೆಗೆಯುವ ಖರ್ಚು ಬೇರೆ. ನಿಮ್ಮ ತೊಟ್ಟಿ ನಡೆಯುವುದು ಕ್ಷಾರದಲ್ಲಿ ಎಂಬುದನ್ನು ಮರೆಯಬೇಡಿ: ಆಮ್ಲದಲ್ಲಿ ತಯಾರಿಸಿದ್ದನ್ನು ತೊಟ್ಟಿಗೆ ಹಾಕಿದರೆ ಅದನ್ನು ಸರಿದೂಗಿಸಲು ಮತ್ತಷ್ಟು ಕಾಸ್ಟಿಕ್ ಸುರಿಯಬೇಕಾಗುತ್ತದೆ.

ಆಮ್ಲ, ಉಪ್ಪುಗಳ ಹಂಗಿಲ್ಲದೆ ಲೋಹವನ್ನೇ ಪಳಗಿಸಲು ಹೊರಟವರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಗ್ರಹಾಂ ಹಚಿಂಗ್ಸ್ ಅವರ ತಂಡದ ಹೆಸರು ಮೊದಲು ಬರಬೇಕು. 2002ರಲ್ಲಿ ಅವರು ಪಲ್ಲಾಡಿಯಂಗೆ ಚಿನ್ನ ಬೆರೆಸಿದರೆ ಪೆರಾಕ್ಸೈಡ್ ಹೆಚ್ಚು ಸಿಗುತ್ತದೆ ಎಂದು ತೋರಿಸಿದರು. 2009ರಲ್ಲಿ ಪ್ರಕಟವಾದ ಅವರ ಕೆಲಸ ಇನ್ನೂ ಕುತೂಹಲಕರ. ಲೋಹವನ್ನು ಕೂರಿಸುವ ಮೊದಲು ಸಕ್ರಿಯ ಇಂಗಾಲವನ್ನು 2% ನೈಟ್ರಿಕ್ ಆಮ್ಲದಲ್ಲಿ ತೊಳೆದು ಒಣಗಿಸಿದರು. ಅಷ್ಟಕ್ಕೇ ಹೈಡ್ರೋಜನ್ ಪೆರಾಕ್ಸೈಡನ್ನು ನೀರಾಗಿಸುವ ಅಡ್ಡಕ್ರಿಯೆ ಹೆಚ್ಚುಕಡಿಮೆ ನಿಂತೇಹೋಯಿತು, ಒಳಗೆ ವ್ಯಯವಾದ ಹೈಡ್ರೋಜನ್ನಿನಲ್ಲಿ 95%ಕ್ಕೂ ಹೆಚ್ಚು ಪಾಲು ಪೆರಾಕ್ಸೈಡ್ ಆಯಿತು. ಆಮ್ಲ ಇಲ್ಲಿ ಕ್ರಿಯೆಯ ದ್ರವದಲ್ಲಿಲ್ಲ, ಮೊದಲೇ ಆಧಾರವನ್ನು ತೊಳೆದು ಹೊರಟುಹೋಗಿದೆ. ಆಮೇಲೆ 2016ರಲ್ಲಿ ಚಿನ್ನದ ಬದಲು ಅಗ್ಗದ ತವರವನ್ನು ಬಳಸಿಯೂ ಅಷ್ಟೇ ಒಳ್ಳೆಯ ಫಲಿತಾಂಶ ಪಡೆದರು. ಅಲ್ಲಿ ಕ್ರಿಯಾವರ್ಧಕವನ್ನು ಗಾಳಿಯಲ್ಲಿ ಕಾಯಿಸಿ, ಹೈಡ್ರೋಜನ್ನಿನಲ್ಲಿ ಕಾಯಿಸಿ, ಮತ್ತೆ ಗಾಳಿಯಲ್ಲಿ ಕಾಯಿಸುವ ಕ್ರಮವೊಂದಿದೆ. ತುಂಟತನ ಮಾಡುವ ಪಲ್ಲಾಡಿಯಂನ ಅತಿ ಸಣ್ಣ ಕಣಗಳು ಇದರಿಂದ ತವರದ ಆಕ್ಸೈಡಿನ ಪದರದಡಿ ಮುಚ್ಚಿಹೋಗುತ್ತವೆ ಎಂಬುದು ಅವರ ವಿವರಣೆ.

ಇಷ್ಟು ಓದಿ ನಿಮ್ಮ ಮಗ ಸಂಭ್ರಮಪಡುವ ಮುನ್ನ ಈ ಪ್ರಯೋಗಗಳು ನಡೆದ ಪರಿಸ್ಥಿತಿಯನ್ನೂ ಹೇಳಬೇಕು. ಸ್ಟೀಲಿನ ಒಂದು ಪುಟ್ಟ ಒತ್ತಡಪಾತ್ರೆ, ಒಳಗೆ ಮೆಥನಾಲ್ ಮತ್ತು ನೀರು ಬೆರೆಸಿದ 8.5 ಗ್ರಾಂ ದ್ರವ, 10 ಮಿಲಿಗ್ರಾಂ ಕ್ರಿಯಾವರ್ಧಕ, ಸುತ್ತ ಮಂಜುಗಡ್ಡೆಯ ನೀರು, ಉಷ್ಣತೆ 2 ಡಿಗ್ರಿ, ಒತ್ತಡ ಸುಮಾರು 40 ಬಾರ್, ಅರ್ಧ ಗಂಟೆಯ ಕ್ರಿಯೆ. ಅನಿಲಗಳೂ ಶುದ್ಧವಲ್ಲ: ಅವನ್ನು ಎರಡು ಬೇರೆ ಸಿಲಿಂಡರುಗಳಿಂದ ತುಂಬುತ್ತಾರೆ, ಒಂದರಲ್ಲಿ ಹೈಡ್ರೋಜನ್ 5%, ಇನ್ನೊಂದರಲ್ಲಿ ಆಮ್ಲಜನಕ 25%, ಎರಡರಲ್ಲೂ ಉಳಿದದ್ದೆಲ್ಲ ಕಾರ್ಬನ್ ಡೈಆಕ್ಸೈಡ್. ಮೆಥನಾಲ್ ಇರುವುದು ಅನಿಲಗಳು ಹೆಚ್ಚು ಕರಗಲೆಂದು. ಕಾರ್ಬನ್ ಡೈಆಕ್ಸೈಡ್ ಇರುವುದು ಸ್ಫೋಟ ತಪ್ಪಿಸಲೆಂದು, ಅದು ನೀರಿನಲ್ಲಿ ಕರಗಿ ಸೌಮ್ಯ ಆಮ್ಲವಾಗುವುದು ಇನ್ನೊಂದು ಲಾಭ.

ಸ್ಫೋಟದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ. ಶುದ್ಧ ಆಮ್ಲಜನಕದಲ್ಲಿ ಹೈಡ್ರೋಜನ್ 4%ದಿಂದ ಸುಮಾರು 94%ದವರೆಗೆ ಎಷ್ಟೇ ಇದ್ದರೂ ಮಿಶ್ರಣ ಹೊತ್ತಿಕೊಳ್ಳಬಲ್ಲದು. ಹೊತ್ತಿಸಲು ಬೆಂಕಿಕಡ್ಡಿ ಬೇಕಿಲ್ಲ. ಒಣಗಿದ ಪಲ್ಲಾಡಿಯಂ ಪುಡಿಯೇ ಸಾಕು, ಏಕೆಂದರೆ ಅದರ ಮೇಲೆ ಎರಡೂ ಅನಿಲಗಳು ಸೇರುವಾಗ ಹೊರಡುವ ಬಿಸಿ ಅದನ್ನು ಕೆಂಡವಾಗಿಸುತ್ತದೆ. ಹೈಡ್ರೋಜನ್ ಕುಡಿದ ಪಲ್ಲಾಡಿಯಂ ಇಂಗಾಲವನ್ನು ಸೋಸುಕಾಗದದ ಮೇಲೆ ಒಣಗಲು ಬಿಟ್ಟಾಗ ಕಾಗದ ತಾನಾಗಿ ಹೊತ್ತಿಕೊಂಡದ್ದನ್ನು ಪ್ರಯೋಗಾಲಯದಲ್ಲಿ ದುಡಿದ ಅನೇಕರು ನೋಡಿರುತ್ತಾರೆ. ಆದ್ದರಿಂದ, ಎಷ್ಟೇ ಕುತೂಹಲವಿದ್ದರೂ, ಮನೆಯಲ್ಲಾಗಲಿ ಘಟಕದ ಮೂಲೆಯಲ್ಲಾಗಲಿ ಈ ಎರಡು ಅನಿಲಗಳನ್ನು ಒಂದೇ ಪಾತ್ರೆಗೆ ಬಿಟ್ಟು ನೋಡುವ ಕೆಲಸಕ್ಕೆ ಮಗನನ್ನು ಬಿಡಬೇಡಿ.

ಸುರಕ್ಷತೆಯ ಮಿತಿಯೊಳಗೆ ನಿಂತರೆ ಇಳುವರಿ ಏನಾಗುತ್ತದೆ ಎಂಬುದೂ ಮುಖ್ಯ. 25 ಡಿಗ್ರಿಯಲ್ಲಿ, ವಾಯುಮಂಡಲದ ಒತ್ತಡದಲ್ಲಿ, ಒಂದು ಲೀಟರ್ ನೀರಿನಲ್ಲಿ ಶುದ್ಧ ಹೈಡ್ರೋಜನ್ ಕರಗುವುದು 1.6 ಮಿಲಿಗ್ರಾಂ ಆಸುಪಾಸು ಮಾತ್ರ. ಅದಷ್ಟೂ ಪೆರಾಕ್ಸೈಡ್ ಆದರೂ ಲೀಟರಿಗೆ ಸುಮಾರು 27 ಮಿಲಿಗ್ರಾಂ ಆಯಿತು. ಅನಿಲದಲ್ಲಿ ಹೈಡ್ರೋಜನ್ 4%ಕ್ಕಿಂತ ಕಡಿಮೆ ಇರಬೇಕೆಂದರೆ ಅದು ಲೀಟರಿಗೆ ಒಂದು ಮಿಲಿಗ್ರಾಂಗೆ ಇಳಿಯುತ್ತದೆ. ನಿಮ್ಮ ತೊಟ್ಟಿಗೆ ಬೇಕಾದದ್ದು ಲೀಟರಿಗೆ ಕೆಲವು ಗ್ರಾಂ, ಅಂದರೆ ಸಾವಿರಾರು ಪಟ್ಟು. ಹಾಗಾಗಿಯೇ ಒತ್ತಡ ಏರಿಸುವುದು, ಬಿರುಸಾಗಿ ಕಲಕುವುದು, ಕರಗಿದ್ದು ಖರ್ಚಾದ ಹಾಗೆಲ್ಲ ಮತ್ತೆ ಮತ್ತೆ ಕರಗಿಸುವುದು ಅನಿವಾರ್ಯ. ಪೆರಾಕ್ಸೈಡ್ ಗಟ್ಟಿಯಾದಷ್ಟೂ ಒಡೆಯುವ ವೇಗವೂ ಏರುತ್ತದೆ. ಒಂದು ಹಂತದಲ್ಲಿ ಹುಟ್ಟುವಷ್ಟೇ ಸಾಯುತ್ತದೆ. ನೇರ ಸಂಯೋಜನೆಯಲ್ಲಿ ಸಾಮಾನ್ಯವಾಗಿ ತೆಳು ದ್ರಾವಣವೇ ಸಿಗುವುದು ಇದರಿಂದ.

ಈಗ ನಿಮ್ಮ ಕಂಪನಿಗಳ ಪ್ರಶ್ನೆಗೆ ಬರೋಣ. ಅವರು ಹಿಡಿದಿರುವ ಸುತ್ತುದಾರಿಯ ಹೆಸರು ಆಂತ್ರಾಕ್ವಿನೋನ್ ವಿಧಾನ. ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಯಲ್ಲಿ ರೀಡಲ್ ಮತ್ತು ಫ್ಲೈಡರರ್ ಇದನ್ನು ರೂಪಿಸಿದರು. ಮುಖ ನೋಡದ ಬೀಗರ ನಡುವೆ ಒಬ್ಬ ಹಿರಿಯರು ಓಡಾಡಿ ಮಾತುಕತೆ ಮುಗಿಸಿದಂತೆ, ಇಲ್ಲಿ ಆಂತ್ರಾಕ್ವಿನೋನ್ ಎಂಬ ಸಾವಯವ ಅಣು ಹೈಡ್ರೋಜನ್ ಮತ್ತು ಆಮ್ಲಜನಕದ ನಡುವೆ ಓಡಾಡುತ್ತದೆ. ಒಂದು ಪಾತ್ರೆಯಲ್ಲಿ ಅದು ಪಲ್ಲಾಡಿಯಂನ ಸಮ್ಮುಖದಲ್ಲಿ ಹೈಡ್ರೋಜನ್ ಪಡೆಯುತ್ತದೆ. ಆ ದ್ರಾವಣದಿಂದ ಪಲ್ಲಾಡಿಯಂನ ಕಣ ಒಂದೂ ಉಳಿಯದಂತೆ ಸೋಸಿ, ಇನ್ನೊಂದು ಪಾತ್ರೆಗೆ ಕಳಿಸಿ ಗಾಳಿ ಊದುತ್ತಾರೆ. ಅಲ್ಲಿ ಅದು ಹೈಡ್ರೋಜನನ್ನು ಆಮ್ಲಜನಕಕ್ಕೆ ಒಪ್ಪಿಸಿ ಪೆರಾಕ್ಸೈಡ್ ಮಾಡಿ, ತಾನು ಮೊದಲಿನಂತಾಗಿ ಹಿಂದಿರುಗುತ್ತದೆ. ಎರಡು ಅನಿಲಗಳು ಎಂದೂ ಎದುರಾಗುವುದಿಲ್ಲ, ಪೆರಾಕ್ಸೈಡ್ ಎಂದೂ ಪಲ್ಲಾಡಿಯಂ ಮುಖ ನೋಡುವುದಿಲ್ಲ. ನಾನು ಮೇಲೆ ಎಣಿಸಿದ ತೊಂದರೆಗಳೆಲ್ಲ ಈ ಒಂದು ಏರ್ಪಾಡಿನಿಂದ ತಪ್ಪಿಹೋದವು. ಅದಕ್ಕೆ ತೆರುವ ಬೆಲೆ ಬೇರೆ: ದೊಡ್ಡ ಸ್ಥಾವರ, ದುಬಾರಿ ದ್ರಾವಕಗಳು, ಸುತ್ತಿಸುತ್ತಿ ಹಾಳಾಗುವ ಆಂತ್ರಾಕ್ವಿನೋನಿನ ಮರುಪೂರಣ, ನೀರಿಗೆ ಇಳಿಸಿದ ಪೆರಾಕ್ಸೈಡನ್ನು ಬಟ್ಟಿ ಇಳಿಸಿ 50% ಅಥವಾ 70%ಕ್ಕೆ ಗಟ್ಟಿಮಾಡುವ ಶಕ್ತಿ, ಆಮೇಲೆ ಲಾರಿ ಬಾಡಿಗೆ. ಅವರು ಅಷ್ಟು ಶ್ರಮಪಟ್ಟು ತೆಗೆದ ನೀರನ್ನು ನೀವು ಪೀಣ್ಯದಲ್ಲಿ ಮತ್ತೆ ಸೇರಿಸುತ್ತೀರಿ. ನಿಮ್ಮ ಮಗನ ಯೋಚನೆಯಲ್ಲಿ ಇರುವ ನಿಜವಾದ ಹುರುಳು ಇಲ್ಲಿದೆ: ತೆಳು ದ್ರಾವಣ ಸಾಕು ಎನ್ನುವವನಿಗೆ, ಬೇಕಾದಲ್ಲೇ ಬೇಕಾದಷ್ಟು ತಯಾರಿಸುವುದು ತತ್ತ್ವದಲ್ಲಿ ಸರಿಯಾದ ದಾರಿ. ನಿಧಾನವಾಗಿ ಒಡೆಯುವ ಪೆರಾಕ್ಸೈಡಿನ ಆಮ್ಲಜನಕ ಹೊರಹೋಗಲೆಂದು ಕ್ಯಾನಿಗೆ ಇರುವ ತೂತಿನ ಮುಚ್ಚಳದ ಕಾಟವೂ ಇರುವುದಿಲ್ಲ. ಬೇಸಿಗೆಯಲ್ಲಿ ವಾಸನೆ ಬರುತ್ತದೆಂದು ಯಾರೋ ಆ ತೂತಿಗೆ ಟೇಪ್ ಸುತ್ತಿದ್ದ ಕ್ಯಾನೊಂದು ಫುಟ್‌ಬಾಲಿನಂತೆ ಉಬ್ಬಿ ನಿಂತಿದ್ದನ್ನು ನಾನು ನೋಡಿದ್ದೇನೆ. ದಯವಿಟ್ಟು ನಿಮ್ಮ ಹುಡುಗರಿಗೆ ಇದನ್ನು ಹೇಳಿಡಿ.

ಒಂದು ಕ್ಯಾನಿನ ಲೆಕ್ಕ ಹಾಕೋಣ. 30 ಕಿಲೋ ಕ್ಯಾನಿನಲ್ಲಿ 15 ಕಿಲೋ ಪೆರಾಕ್ಸೈಡ್ ಇದೆ. ಒಂದು ಹನಿಯೂ ನೀರಾಗಿ ಹೋಗದಿದ್ದರೆ ಅದಕ್ಕೆ ಬೇಕಾದ ಹೈಡ್ರೋಜನ್ ಸುಮಾರು 0.89 ಕಿಲೋ, ಅಂದರೆ ಹತ್ತಿರ ಹತ್ತಿರ 11 ಘನಮೀಟರ್. 7 ಘನಮೀಟರ್ ಹಿಡಿಯುವ ಮಾಮೂಲಿ ಸಿಲಿಂಡರ್ ಒಂದೂವರೆ. ನೀರನ್ನು ಒಡೆದು ಅಷ್ಟು ಹೈಡ್ರೋಜನ್ ಮಾಡಲು ಕಿಲೋಗೆ 50ರಿಂದ 55 ಯೂನಿಟ್‌ನಂತೆ ಸುಮಾರು 46 ಯೂನಿಟ್ ವಿದ್ಯುತ್ ಬೇಕು. ಪೆರಾಕ್ಸೈಡಿಗೆ ಹೋಗುವ ಪಾಲು 70%ಕ್ಕೆ ಇಳಿದರೆ ಅದು 65 ಯೂನಿಟ್ ದಾಟುತ್ತದೆ. ಅನಿಲಗಳನ್ನು ಒತ್ತಿ ತುಂಬುವ ಕಂಪ್ರೆಸರ್, ತಂಪು ಮಾಡುವ ಚಿಲ್ಲರ್ ಇದರಲ್ಲಿ ಸೇರಿಲ್ಲ. ಇನ್ನೊಂದು ಸೂಕ್ಷ್ಮವಿದೆ, ಬಹಳ ಜನ ಗಮನಿಸುವುದಿಲ್ಲ: ನೀರು ಒಡೆದಾಗ ಎರಡು ಹೈಡ್ರೋಜನ್ ಅಣುಗಳಿಗೆ ಒಂದು ಆಮ್ಲಜನಕ ಅಣು ಬರುತ್ತದೆ, ಪೆರಾಕ್ಸೈಡಿಗೆ ಬೇಕಾದದ್ದು ಒಂದಕ್ಕೆ ಒಂದು. ಅಂದರೆ ಯಂತ್ರ ಕೊಡುವ ಆಮ್ಲಜನಕ ಅರ್ಧಕ್ಕಷ್ಟೇ ಸಾಲುತ್ತದೆ, ಉಳಿದದ್ದನ್ನು ಬೇರೆ ಕಡೆಯಿಂದ ತರಬೇಕು. ಒತ್ತಡದ ಹೈಡ್ರೋಜನ್ ಸಿಲಿಂಡರುಗಳನ್ನು ಕೂಡಿಡುವುದಾದರೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳೂ ಅನ್ವಯಿಸುತ್ತವೆ.

ಇವೆಲ್ಲವನ್ನೂ ತೂಗಿ ನೋಡಿದರೆ, ನೇರ ಸಂಯೋಜನೆಯ ಪಲ್ಲಾಡಿಯಂ ಯಂತ್ರವನ್ನು ನಿಮ್ಮಂತಹ ಘಟಕಕ್ಕೆ ಇಂದು ನಾನು ಹೇಳುವುದಿಲ್ಲ. ಅದು ಮೊದಲು ಕಾಲೂರುವುದು, ನನ್ನ ಅಂದಾಜಿನಲ್ಲಿ, ಕುಡಿಯುವ ನೀರಿನ ಶುದ್ಧೀಕರಣದಲ್ಲಿ. 2021ರಲ್ಲಿ ಕಾರ್ಡಿಫ್ ತಂಡ, ಚಿನ್ನ-ಪಲ್ಲಾಡಿಯಂ ಮೇಲೆ ಹರಿಯುವ ನೀರಿನಲ್ಲೇ ಪೆರಾಕ್ಸೈಡ್ ಹುಟ್ಟಿಸಿದಾಗ, ಅಷ್ಟೇ ಪ್ರಮಾಣದ ಪೆರಾಕ್ಸೈಡನ್ನು ಹೊರಗಿನಿಂದ ಬೆರೆಸಿದ್ದಕ್ಕಿಂತ ಬ್ಯಾಕ್ಟೀರಿಯಾ ನಾಶ ಬಹಳ ಹೆಚ್ಚೆಂದು ತೋರಿಸಿತು. ಹುಟ್ಟುವ ಕ್ಷಣದಲ್ಲಿ ಲೋಹದ ಮೇಲೆ ಉಂಟಾಗುವ ಕ್ಷಣಿಕ, ತೀಕ್ಷ್ಣ ಆಮ್ಲಜನಕ ರೂಪಗಳು ಅಲ್ಲಿ ಕೆಲಸ ಮಾಡುತ್ತವೆ. ಲೀಟರಿಗೆ ಮಿಲಿಗ್ರಾಂ ಲೆಕ್ಕ ಸಾಕಾಗುವ ಕೆಲಸ ಅದು. ನಿಮ್ಮದು ಗ್ರಾಂ ಲೆಕ್ಕ.

ನೀವು ನೋಡಬೇಕಾದದ್ದು ಇದರ ದಾಯಾದಿಯಾದ ವಿದ್ಯುತ್ ವಿಧಾನವನ್ನು. ಲೋಹದ ಕಣ ಪುಟ್ಟ ಬ್ಯಾಟರಿಯಂತೆ ವರ್ತಿಸುತ್ತದೆ ಎಂದೆನಲ್ಲ, ಆ ಬ್ಯಾಟರಿಯ ಎರಡು ತುದಿಗಳನ್ನು ಬೇರ್ಪಡಿಸಿ ನಡುವೆ ಪೊರೆಯೊಂದನ್ನು ಇಟ್ಟರೆ ಆಯಿತು: ಇಂಗಾಲದ ಎಲೆಕ್ಟ್ರೋಡಿಗೆ ಗಾಳಿ, ಕಾಸ್ಟಿಕ್ ದ್ರಾವಣ ಮತ್ತು ವಿದ್ಯುತ್ ಕೊಟ್ಟರೆ ಆಮ್ಲಜನಕ ಎರಡು ಎಲೆಕ್ಟ್ರಾನ್ ಪಡೆದು ಪೆರಾಕ್ಸೈಡ್ ಆಗುತ್ತದೆ. ಹೈಡ್ರೋಜನ್ ಅನಿಲವೇ ಬೇಡ, ಪಲ್ಲಾಡಿಯಂ ಬೇಡ, ಸ್ಫೋಟಕ ಮಿಶ್ರಣವೂ ಇಲ್ಲ. ಹೀಗೆ ಸಿಗುವುದು ಕಾಸ್ಟಿಕ್ ಬೆರೆತ ತೆಳು ಪೆರಾಕ್ಸೈಡ್. ಬೇರೆಯವರಿಗೆ ಅದು ದೋಷ, ಬಟ್ಟೆ ಬಿಳುಪು ಮಾಡುವವರಿಗೆ ಅದೇ ಬೇಕಾದ ರೂಪ. ಕಾಗದದ ತಿರುಳನ್ನು ಬಿಳುಪು ಮಾಡಲು ಈ ವಿಧಾನವನ್ನು ವಿದೇಶಗಳಲ್ಲಿ ಗಿರಣಿಗಳಲ್ಲೇ ಬಳಸಿದ್ದುಂಟು. ಒಂದು ಕಿಲೋ ಪೆರಾಕ್ಸೈಡಿಗೆ ಕನಿಷ್ಠ 1576 ಆಂಪಿಯರ್-ಗಂಟೆ ವಿದ್ಯುತ್ ಹರಿಯಬೇಕು, ಕೋಶ 2.5 ವೋಲ್ಟಿನಲ್ಲಿ ನಡೆದರೆ ಕಿಲೋಗೆ ಸುಮಾರು 4 ಯೂನಿಟ್, ನಿಮ್ಮ ಒಂದು ಕ್ಯಾನಿಗೆ 60 ಯೂನಿಟ್ ಆಸುಪಾಸು, ಅದೂ ಹರಿದ ವಿದ್ಯುತ್ತೆಲ್ಲ ಪೆರಾಕ್ಸೈಡಿಗೇ ಹೋದರೆ. ಈ ಅಂಕಿಯನ್ನು ನಿಮ್ಮ ಬೆಸ್ಕಾಂ ದರದಿಂದ ಗುಣಿಸಿ, ಬರುವ ಮೊತ್ತವನ್ನು ಕ್ಯಾನಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ಯಾರಾದರೂ ಇಂತಹ ಯಂತ್ರ ಮಾರಲು ಬಂದರೆ ಅವರನ್ನು ಎರಡು ಸಂಗತಿ ಕೇಳಿ: ಹರಿಸಿದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಪೆರಾಕ್ಸೈಡ್ ಆಯಿತು, ಮತ್ತು ಅದೇ ಅಂಕಿ ಒಂದು ಸಾವಿರ ಗಂಟೆ ಓಡಿದ ಮೇಲೆ ಎಷ್ಟಿತ್ತು. ಪ್ರಾತ್ಯಕ್ಷಿಕೆಗೆ ಅವರು ತಂದ ಶುದ್ಧ ನೀರು ಬೇಡ, ನಿಮ್ಮ ಕೊಳವೆಬಾವಿಯ ನೀರನ್ನೇ ತುಂಬಿಸಿ, ಹೊರಬಂದದ್ದನ್ನು ತಕ್ಷಣ ಒಮ್ಮೆ, ನಾಲ್ಕು ಗಂಟೆ ಬಿಟ್ಟು ಮತ್ತೊಮ್ಮೆ, ಆಮ್ಲ ಸೇರಿಸಿ ಪರ್ಮಾಂಗನೇಟಿನಿಂದ ಅಳೆಯಿರಿ. ಎರಡನೆಯ ಅಳತೆ ಬಹಳ ಕೆಳಗಿದ್ದರೆ ಯಂತ್ರಕ್ಕಿಂತ ಮೊದಲು ನಿಮ್ಮ ನೀರಿನ ಕಬ್ಬಿಣ ತೆಗೆಸಬೇಕು. ಆ ಖರ್ಚು ಈಗಿನ ಕ್ಯಾನಿನ ಪೆರಾಕ್ಸೈಡಿಗೂ ಉಳಿತಾಯವನ್ನೇ ತರುತ್ತದೆ.